ವಿಮಾನಕ್ಕೆ ಮುಂಚೆ ಒಂದು ಗ್ಲಾಸ್ ವೈನ್: ನಾಲ್ಕು ತಾಲ್ಲೂಕಿನ ಪ್ರಯಾಣಿಕರಿಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟವರು ತೀರಾ ತಡವಾಗಿ ತಲುಪುತ್ತಾರೆ, ಇಲ್ಲವೇ ತೀರಾ ಬೇಗ. ಸರಿಯಾದ ಹೊತ್ತಿಗೆ ತಲುಪಿದವರು ಅಪರೂಪ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರೂ ವಿಮಾನ ಏರಬೇಕಾದದ್ದು ಬೆಂಗಳೂರಿನ ಉತ್ತರದ ತುದಿಯಲ್ಲಿ. ನಡುವೆ ಇಡೀ ಮಹಾನಗರ ಮಲಗಿದೆ. ಕೆಂಗೇರಿಯಲ್ಲಿ ಸಿಕ್ಕಿಹಾಕಿಕೊಂಡರೆ, ಹೆಬ್ಬಾಳದಲ್ಲಿ ನಿಂತರೆ ಎಂದು ಲೆಕ್ಕ ಹಾಕಿ ಮನೆಯವರು ಒಂದೆರಡು ಗಂಟೆ ಮೊದಲೇ ಹೊರಡಿಸುತ್ತಾರೆ. ದಾರಿ ಬಿಡುವಾಗಿದ್ದರೆ ಆ ಗಂಟೆಗಳೆಲ್ಲ ಭದ್ರತಾ ತಪಾಸಣೆಯ ಆಚೆ, ಕುರ್ಚಿಗಳ ಸಾಲಿನಲ್ಲಿ ಉಳಿಯುತ್ತವೆ. ಎದುರಿಗೆ ಬೆಳಕು ಮಂದ ಮಾಡಿದ ಬಾರ್, ಗೋಡೆಯ ತುಂಬ ವೈನ್ ಬಾಟಲಿ, ಎತ್ತರದ ಸ್ಟೂಲು. ಕೂರೋಣ ಅನ್ನಿಸುತ್ತದೆ.

ಕೂರಬಹುದು. ಆದರೆ ವೈನ್ ಎಂದರೇನೆಂದು ಗೊತ್ತಿಲ್ಲದವರು ಅದನ್ನು ಕಲಿಯಲು ವಿಮಾನ ನಿಲ್ದಾಣಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಲೆ ಹೆಚ್ಚು, ಸಮಯ ಕಡಿಮೆ, ಕಣ್ಣು ಗಡಿಯಾರದ ಮೇಲೆ. ಕಲಿಯುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಮೊದಲು ಅಲ್ಲಿಗೆ ಹೋಗೋಣ.

ಚನ್ನಪಟ್ಟಣದ ವೈನರಿ

ಚನ್ನಪಟ್ಟಣ ಎಂದರೆ ಗೊಂಬೆ ಎನ್ನುವವರಿಗೆ ಅದೇ ತಾಲ್ಲೂಕಿನಲ್ಲಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ಹೆರಿಟೇಜ್ ವೈನರಿ ಇರುವುದು ಗೊತ್ತಿಲ್ಲದಿರಬಹುದು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಸಾರಾಯಿ ನಿಷೇಧವಾದದ್ದೂ ಅದೇ ವರ್ಷ, ರಾಮನಗರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಆ ನೀತಿಯ ನಂತರ ರಾಜ್ಯದ ಹಲವೆಡೆ ಸಣ್ಣ ದೊಡ್ಡ ವೈನರಿಗಳು ತಲೆಯೆತ್ತಿದವು. ಬೆಂಗಳೂರಿನವರು ವಾರಾಂತ್ಯದಲ್ಲಿ ಕಾರು ಹತ್ತಿ ಚನ್ನಪಟ್ಟಣಕ್ಕೆ ಬಂದು ವೈನ್ ಸವಿದು ಹೋಗುತ್ತಾರೆ. ಪಕ್ಕದ ಊರಿನವರಾದ ನಾವು ಗೇಟಿನ ಮುಂದೆಯೇ ಬಸ್ಸಿನಲ್ಲಿ ಹಾದುಹೋಗುತ್ತೇವೆ.

ಹೋಗುವವರು ಒಂದು ವಿಷಯ ಗಮನಿಸಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ಅದರ ಮೇಲೆ ಹೊರಟರೆ ಊರೂ ಸಿಗದು, ವೈನರಿಯೂ ಸಿಗದು, ಗೊಂಬೆ ಅಂಗಡಿಯೂ ಸಿಗದು. ಊರೊಳಗಿನ ಹಳೆಯ ರಸ್ತೆಗೆ ಇಳಿಯಬೇಕು. ಬೈಕು, ಆಟೋಗಳಿಗೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ನಿಷಿದ್ಧ, ಆದ್ದರಿಂದ ಅವರಿಗೆ ಹೇಗೂ ಹಳೆಯ ರಸ್ತೆಯೇ ಗತಿ. ಹೊರಡುವ ಮುನ್ನ ಫೋನ್ ಮಾಡಿ ಯಾವ ದಿನ, ಎಷ್ಟು ಹೊತ್ತಿಗೆ ತೋರಿಸುತ್ತಾರೆ, ದರವೆಷ್ಟು ಎಂದು ಕೇಳಿಕೊಳ್ಳಿ. ದ್ರಾಕ್ಷಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್‌ವರೆಗೆ, ಹೋದರೆ ಕೆಲಸ ನಡೆಯುವುದನ್ನೇ ಕಾಣಬಹುದು. ದೊಡ್ಡ ತೊಟ್ಟಿಯಲ್ಲಿ ಕಾಲಿನಿಂದ ದ್ರಾಕ್ಷಿ ತುಳಿಯುವ ಆಟವನ್ನೂ ಪ್ರವಾಸಿಗರಿಗಾಗಿ ಇಡುತ್ತಾರೆ. ತುಳಿತ ಫೋಟೋಗೆ ಚೆನ್ನ. ಕಲಿಯಬೇಕಾದದ್ದು ಒಳಗಿದೆ.

ಒಳಗೆ ನೋಡಬೇಕಾದದ್ದು ಇಷ್ಟು. ಗೊಂಚಲಿನಿಂದ ಕಾಳು ಬಿಡಿಸಿ ಜಜ್ಜುವ ಯಂತ್ರ, ರಸ ಹುದುಗುವ ಸ್ಟೀಲಿನ ಟ್ಯಾಂಕು, ಕೆಲವು ಕೆಂಪು ವೈನ್ ಹಣ್ಣಾಗಲು ಇಟ್ಟಿರುವ ಓಕ್ ಮರದ ಪೀಪಾಯಿ. ಕೆಂಪು ವೈನ್‌ನ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ, ತಿರುಳಿನಿಂದಲ್ಲ. ಸಿಪ್ಪೆಯ ಜೊತೆಗೇ ಹುದುಗಿಸಿದರೆ ಕೆಂಪು, ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ, ಸ್ವಲ್ಪ ಹೊತ್ತು ಮಾತ್ರ ಸಿಪ್ಪೆ ನೆನೆಸಿದರೆ ಗುಲಾಬಿ ಬಣ್ಣದ ರೋಸೆ. ಕೆಂಪು ಕುಡಿದಾಗ ನಾಲಿಗೆ ಒಣಗಿ ಬಿಗಿದಂತೆ ಆಗುವುದೂ ಆ ಸಿಪ್ಪೆ, ಬೀಜಗಳ ಒಗರಿನಿಂದ. ಕಾಯಿ ನೇರಳೆ ಕಚ್ಚಿದವರಿಗೆ ಈ ಒಗರು ಹೊಸದೇನಲ್ಲ. ಇಷ್ಟು ತಿಳಿದರೆ ಮೆನು ಕಾರ್ಡಿನ ಅರ್ಧ ಭಯ ಹೋದಂತೆ.

ನಂತರ ರುಚಿ ನೋಡುವ ಸರದಿ. ಬಿಳಿಯಿಂದ ಶುರು, ಆಮೇಲೆ ರೋಸೆ, ಆಮೇಲೆ ಕೆಂಪು, ಕೊನೆಗೆ ಸಿಹಿ ವೈನ್. ಈ ಕ್ರಮ ತಪ್ಪಿಸಬೇಡಿ. ಸಿಹಿ ಮೊದಲು ಕುಡಿದವರಿಗೆ ಉಳಿದದ್ದೆಲ್ಲ ಹುಳಿ ಅನ್ನಿಸುತ್ತದೆ, ಕಾಫಿಗೆ ಮುಂಚೆ ಮೈಸೂರುಪಾಕು ತಿಂದ ಹಾಗೆ. ಪ್ರತಿ ಸಲ ಬಗ್ಗಿಸುವುದು ಎರಡು ಮೂರು ಗುಟುಕು ಮಾತ್ರ. ಬಾಯಿ ತುಂಬ ಆಡಿಸಿ ಉಗಿಯುವುದಕ್ಕೂ ಪಾತ್ರೆ ಇಟ್ಟಿರುತ್ತಾರೆ. ಉಗಿದರೆ ಅವಮಾನವೇನೂ ಇಲ್ಲ, ವೈನ್ ಕಸುಬಿನವರು ಮಾಡುವುದೇ ಹಾಗೆ. ಯಾವುದು ನಿಮಗೆ ಹಿಡಿಸಿತು ಎಂದು ಫೋನಿನಲ್ಲಿ ಹೆಸರು ಬರೆದುಕೊಳ್ಳಿ: ಶೆನಿನ್ ಬ್ಲಾಂಕ್, ಸೋವಿನ್ಯೋಂ ಬ್ಲಾಂಕ್, ಶಿರಾಜ್, ಕ್ಯಾಬರ್ನೆ ಸೋವಿನ್ಯೋಂ. ನಮ್ಮ ದೇಶದ ಯಾವ ವೈನ್ ಪಟ್ಟಿಯಲ್ಲೂ ಈ ನಾಲ್ಕು ಹೆಸರು ತಪ್ಪದೆ ಎದುರಾಗುತ್ತವೆ. ವಿಮಾನ ನಿಲ್ದಾಣದಲ್ಲಿ ಬೇಕಾಗುವುದು ಈ ಟಿಪ್ಪಣಿಯೇ.

ಹಳೆ ಮೈಸೂರಿನವರಿಗೆ ದ್ರಾಕ್ಷಿ ಎಂದರೆ ಬೆಂಗಳೂರು ನೀಲಿ. ಕಪ್ಪು ಬಣ್ಣ, ಜಾರುವ ಸಿಪ್ಪೆ, ಬೀಜ, ಮೂಗಿಗೆ ಹೊಡೆಯುವ ಆ ಗಮಲು. ಬೆಂಗಳೂರಿನ ಸುತ್ತಲೂ ಚಿಕ್ಕಬಳ್ಳಾಪುರ, ಕೋಲಾರದ ಕಡೆಯೂ ಬೆಳೆಯುವ ಈ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಜ್ಯೂಸಿಗೆ, ಸಿಹಿಯಾದ ಪೋರ್ಟ್ ಮಾದರಿಯ ವೈನ್‌ಗೆ ಇದನ್ನು ಬಳಸುತ್ತಾರೆ. ಅಗ್ಗದ ಸಿಹಿ ವೈನ್ ಎಂದು ಮೂಗು ಮುರಿಯುವವರಿದ್ದಾರೆ. ಮೊದಲ ಸಲ ಕುಡಿಯುವ ಅಜ್ಜಿಗೂ ಹಿಡಿಸುವುದು ಅದೇ, ಇದನ್ನು ನಾನು ತಪ್ಪೆಂದು ಹೇಳಲಾರೆ. ಆದರೆ ಸಿಹಿಯ ಹಿಂದೆ ಎಷ್ಟು ಮದ್ಯ ಒಳಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಅಷ್ಟು ಎಚ್ಚರ ಸಾಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೈನರಿಗೆ ಕಾರಿನಲ್ಲಿ ಹೋಗುವುದಾದರೆ ಓಡಿಸುವವರು ಕುಡಿಯಬಾರದು, ರುಚಿಗೂ ಬೇಡ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಚನ್ನಪಟ್ಟಣಕ್ಕೆ ಬಸ್ಸೂ ಇದೆ, ರೈಲೂ ಇದೆ. ನಿಲ್ದಾಣದಿಂದ ಆಟೋ ಹಿಡಿಯಿರಿ.

ಒಂದು ಗ್ಲಾಸ್ ಎಂದರೆ ಎಷ್ಟು?

ನಮ್ಮ ಕಡೆ ಅಳತೆ ತಿಳಿದಿರುವುದು ಪೆಗ್ಗಿನಲ್ಲಿ, ಕ್ವಾರ್ಟರಿನಲ್ಲಿ. ವೈನ್ ಎಂದರೆ ಜ್ಯೂಸಿನ ಅಣ್ಣ, ಏನೂ ಆಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ನೋಡಿ. ಬಾರಿನಲ್ಲಿ ಒಂದು ಗ್ಲಾಸ್ ವೈನ್ ಎಂದರೆ ಸಾಮಾನ್ಯವಾಗಿ 150 ಮಿ.ಲೀ., 750 ಮಿ.ಲೀ. ಬಾಟಲಿಗೆ ಐದು ಗ್ಲಾಸ್. ವೈನ್‌ನಲ್ಲಿ ಮದ್ಯಸಾರ ನೂರಕ್ಕೆ 12ರಿಂದ 14. ಅಂದರೆ ಒಂದು ಗ್ಲಾಸಿನಲ್ಲಿ 18ರಿಂದ 21 ಮಿ.ಲೀ. ಶುದ್ಧ ಮದ್ಯಸಾರ. ನಮ್ಮ ವಿಸ್ಕಿ 42.8ರ ಪ್ರಮಾಣದ್ದು, ಒಂದು ಸಣ್ಣ ಪೆಗ್, ಅಂದರೆ 30 ಮಿ.ಲೀ. ಯಲ್ಲಿ ಇರುವುದು 13 ಮಿ.ಲೀ. ಹಾಗಾಗಿ ಒಂದು ಗ್ಲಾಸ್ ವೈನ್ ಹೆಚ್ಚುಕಡಿಮೆ ಒಂದೂವರೆ ಸಣ್ಣ ಪೆಗ್ಗಿಗೆ ಸಮ. ಎರಡು ಗ್ಲಾಸ್ ಎಂದರೆ ಮೂರು ಪೆಗ್. ವಿಮಾನ ಹತ್ತುವ ಮುನ್ನ ಮೂರು ಪೆಗ್ ಹಾಕುತ್ತೀರಾ? ಇಲ್ಲ ಎನ್ನುವುದಾದರೆ ಎರಡನೆಯ ಗ್ಲಾಸಿಗೂ ಇಲ್ಲ ಎನ್ನಿ.

ಮೇಲೆ ಹೋದ ನಂತರದ ಕಥೆ ಬೇರೆ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ. ಅಲ್ಲಿ ಕೂತು ಗಂಟೆಗಟ್ಟಲೆ ನಿದ್ದೆ ಮಾಡಿದ ಹಾಗೆ. ಗಾಳಿ ಮರುಭೂಮಿಯಷ್ಟು ಒಣ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜರ್ಮನಿಯ ಬಾಹ್ಯಾಕಾಶ ಸಂಸ್ಥೆಯ ಸಂಶೋಧಕರು ಇಂಥ ಒತ್ತಡದ ಕೋಣೆಯಲ್ಲಿ ಕೆಲವರಿಗೆ ಮದ್ಯ ಕೊಟ್ಟು ಮಲಗಿಸಿ ಪರೀಕ್ಷಿಸಿದರು. ಅವರ ರಕ್ತದಲ್ಲಿ ಆಮ್ಲಜನಕ ಇಳಿದಿತ್ತು, ಹೃದಯದ ಬಡಿತ ಏರಿತ್ತು. ಆರೋಗ್ಯವಂತ ಯುವಕರಲ್ಲೇ ಹೀಗಾದರೆ, ಅಮೆರಿಕದ ಮಗಳ ಮನೆಗೆ ಹೊರಟ ಅರವತ್ತು ದಾಟಿದ ಬಿಪಿ ರೋಗಿಗಳು ಯೋಚಿಸಬೇಕು. ರಾತ್ರಿ ವಿಮಾನದಲ್ಲಿ ನಿದ್ದೆ ಬರಲಿ ಎಂದು ಕುಡಿಯುವುದು ತಪ್ಪು ಲೆಕ್ಕ. ನಿದ್ದೆ ಮಾತ್ರೆ, ವಾಂತಿ ತಡೆಯುವ ಮಾತ್ರೆ, ನೆಗಡಿ ಮಾತ್ರೆ, ಕೆಲವು ಸಕ್ಕರೆ ಮಾತ್ರೆಗಳ ಜೊತೆ ಮದ್ಯ ಹೊಂದುವುದಿಲ್ಲ. ಡಾಕ್ಟರನ್ನು ಮೊದಲೇ ಕೇಳಿ. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ವೈನ್ ಹೃದಯಕ್ಕೆ ಒಳ್ಳೆಯದು ಎಂದು ನಂಬಿ ಕುಡಿಯುವವರು ಆ ನೆಪ ಬಿಡಬೇಕು. ರುಚಿಗೆಂದು ಕುಡಿಯುವವರಿಗೆ ನೆಪ ಬೇಡ.

ಬಾರಿನಲ್ಲಿ ಕೂತ ಮೇಲೆ

ವಿಮಾನ ಹೊರಡಲು ಒಂದೂವರೆ ಗಂಟೆಗಿಂತ ಕಡಿಮೆ ಇದ್ದರೆ ಕೂರಲೇಬೇಡಿ, ಕಾಫಿ ಕುಡಿದು ಗೇಟಿಗೆ ಹೋಗಿ. ಬೋರ್ಡಿಂಗ್ ಗೇಟು ಸಾಮಾನ್ಯವಾಗಿ ಹೊರಡುವ ಹೊತ್ತಿಗೆ 25 ನಿಮಿಷ ಮೊದಲೇ ಮುಚ್ಚುತ್ತದೆ. ಎರಡನೇ ಟರ್ಮಿನಲ್ ಚೆಂದವೂ ಹೌದು, ಉದ್ದವೂ ಹೌದು. ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳನ್ನು ನೋಡುತ್ತ ನಡೆದರೆ ಗೇಟು ತಲುಪಲು ಕಾಲು ಗಂಟೆ ಬೇಕಾದೀತು. ಬಸ್ ಸ್ಟ್ಯಾಂಡಿನ ಹಾಗೆ ಯಾರೋ ಕೂಗಿ ಕರೆಯುತ್ತಾರೆ ಎಂದು ನೆಚ್ಚಬೇಡಿ. ಫೋನಿನಲ್ಲಿ ಅಲಾರಂ ಇಡಿ. ಹೊರಡುವುದಕ್ಕೆ 50 ನಿಮಿಷ ಇರುವಾಗ ಸ್ಟೂಲಿನಿಂದ ಇಳಿದಿರಬೇಕು. ಅಂತರರಾಷ್ಟ್ರೀಯ ಪ್ರಯಾಣವಾದರೆ ಇಮಿಗ್ರೇಷನ್, ತಪಾಸಣೆ ಎರಡೂ ಮುಗಿದ ನಂತರವೇ ಬಾರಿನ ವಿಚಾರ. ಆರ್ಡರ್ ತಂದಿಟ್ಟ ಕೂಡಲೇ ಬಿಲ್ ತರಿಸಿ ಹಣ ಕೊಟ್ಟುಬಿಡಿ. ಕೊನೆಯ ಹತ್ತು ನಿಮಿಷ ಬಿಲ್ಲಿಗಾಗಿ ಕೈ ಎತ್ತಿ ಕೂತಿರುವುದಕ್ಕಿಂತ ಕಷ್ಟ ಬೇರೆ ಇಲ್ಲ.

ಮೆನುವಿನಲ್ಲಿ ಗ್ಲಾಸ್ ಲೆಕ್ಕ, ಬಾಟಲಿ ಲೆಕ್ಕ ಎಂದು ಎರಡು ಸಾಲು. ಒಬ್ಬರೇ ಇದ್ದರೆ ಗ್ಲಾಸ್. ಇಬ್ಬರಿದ್ದರೂ ಗ್ಲಾಸ್. ಬಾಟಲಿ ತೆಗೆದುಕೊಂಡರೆ ಉಳಿದದ್ದನ್ನು ವಿಮಾನದೊಳಗೆ ಒಯ್ಯಲಾಗದು, ಬಿಟ್ಟುಹೋಗಲು ಮನಸ್ಸು ಬಾರದು, ಹೀಗೆ ಇಬ್ಬರೇ ಐದು ಗ್ಲಾಸ್ ಮುಗಿಸುವ ಪೇಚಿಗೆ ಸಿಲುಕುತ್ತೀರಿ. ಎರಡು ಪ್ರಶ್ನೆ ಧೈರ್ಯವಾಗಿ ಕೇಳಿ. ಒಂದು ಗ್ಲಾಸಿಗೆ ಎಷ್ಟು ಮಿ.ಲೀ. ಬಗ್ಗಿಸುತ್ತೀರಿ? ಈ ಬಾಟಲಿ ತೆರೆದು ಎಷ್ಟು ದಿನವಾಯಿತು? ತೆರೆದ ವೈನ್ ಫ್ರಿಜ್ಜಿನಲ್ಲಿದ್ದರೂ ಮೂರ್ನಾಲ್ಕು ದಿನಕ್ಕೆ ಕಳೆಗುಂದುತ್ತದೆ. ಮೂಗಿಗೆ ವಿನೆಗರ್ ವಾಸನೆ ಬಂದರೆ ವಾಪಸ್ ಕೊಡಿ. ಹಳಸಿದ ಚಟ್ನಿಯನ್ನು ಹೋಟೆಲಿನಲ್ಲಿ ತಳ್ಳುವುದಕ್ಕೆ ಸಂಕೋಚ ಪಡದವರು ಇಲ್ಲಿ ಯಾಕೆ ಪಡಬೇಕು? ಒಂದು ಗುಟುಕು ರುಚಿ ನೋಡಲು ಕೊಡಿ ಎಂದೂ ಕೇಳಬಹುದು. ಒಳ್ಳೆಯ ಬಾರಿನವರು ಇಲ್ಲವೆನ್ನುವುದಿಲ್ಲ. ಕೆಂಪು ವೈನ್ ಬೆಚ್ಚಗಿದ್ದರೆ ಐಸ್ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಡಲು ಹೇಳಿ. ಗ್ಲಾಸಿನೊಳಗೆ ಐಸ್ ಹಾಕಿಸಬೇಡಿ, ಅದು ನೀರಾಗುತ್ತದೆ.

ಯಾವುದನ್ನು ಆರಿಸುವುದು? ಪಟ್ಟಿಯಲ್ಲಿ ಫ್ರಾನ್ಸ್, ಇಟಲಿ, ಚಿಲಿ ಎಲ್ಲ ಇರುತ್ತವೆ, ಆಮದು ಸುಂಕ ಸೇರಿ ಬೆಲೆ ಗಗನದಲ್ಲಿರುತ್ತದೆ. ನಾನಾದರೆ ಕರ್ನಾಟಕದ್ದನ್ನೇ ಹುಡುಕುತ್ತೇನೆ. ವಿಮಾನ ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಆಸುಪಾಸಿನಲ್ಲಿ, ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ ಗ್ರೋವರ್ ತೋಟವಿದೆ, ಈಗ ಗ್ರೋವರ್ ಜಾಂಪಾ. ಫ್ರೆಂಚ್ ತಳಿಯ ಬಳ್ಳಿಗಳು ಬೆಂಗಳೂರಿನ ಎತ್ತರದ, ರಾತ್ರಿ ತಂಪಾಗುವ ಹವೆಗೆ ಒಗ್ಗುತ್ತವೆ ಎಂದು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಹಂಪಿ ಕಡೆಯ ಕೃಷ್ಮಾ, ನಂದಿ ಕಡೆಯ ಎಸ್‌ಡಿಯು ಕೂಡ ನಮ್ಮ ರಾಜ್ಯದವೇ. ಲೇಬಲ್ಲಿನ ಹಿಂಬದಿ ಓದಿ. ಎಲ್ಲಿ ತಯಾರಾಯಿತೆಂದು ಬರೆದಿರುತ್ತದೆ. ವೈನ್ ಬೇಡ, ವಿಸ್ಕಿಯೇ ಇರಲಿ ಎನ್ನುವವರಿಗೆ ಮೈಸೂರು ರಸ್ತೆಯಲ್ಲಿ ಬಿಡದಿಗೆ ಮುಂಚೆ ಸಿಗುವ ಕಂಬೀಪುರದ ಅಮೃತ್ ಇದೆ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮೊದಲು ಮಾರಾಟಕ್ಕಿಳಿದ ಸಿಂಗಲ್ ಮಾಲ್ಟ್ ಅದು. ಬಿಡದಿಯವರು ತಟ್ಟೆ ಇಡ್ಲಿಯ ಜೊತೆಗೆ ಇದರ ಬಗ್ಗೆಯೂ ಸ್ವಲ್ಪ ಮೀಸೆ ತಿರುವಬಹುದು.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಎಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೀಗೆ ಹೇಳಿತ್ತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಸಿ. ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಆ ಹಣ ಅವರ ಕೈಗೇ ಕೊಡಿ. ಕಾರ್ಡ್ ತೋರಿಸಿ ಲೌಂಜಿಗೆ ಹೋಗುವವರಿಗೆ ಊಟ ಸೇರಿರುತ್ತದೆ, ಮದ್ಯಕ್ಕೆ ಬೇರೆ ಹಣ ಇರಬಹುದು. ಕೂರುವ ಮುನ್ನ ಕೇಳಿ. ವಯಸ್ಸಿನ ಪುರಾವೆ ಕೇಳಿದರೆ ಸಿಟ್ಟಾಗಬೇಡಿ. ಕರ್ನಾಟಕದ ಬಾರ್‌ಗಳು 21 ತುಂಬಿದವರಿಗೆ ಮಾತ್ರ ಎಂಬ ಲೆಕ್ಕದಲ್ಲೇ ನಡೆಯುತ್ತವೆ, ಕಾಲೇಜು ಮುಗಿಸಿದ ಮಗನನ್ನು ಜೊತೆಗೆ ಕೂರಿಸಿಕೊಳ್ಳುವವರು ಗಮನಿಸಿ.

ನೆಂಚಿಕೊಳ್ಳಲು

ಬರೀ ಹೊಟ್ಟೆಗೆ ವೈನ್ ಬೇಡ. ನಸುಕಿನಲ್ಲಿ ಊರು ಬಿಟ್ಟು, ತಿಂಡಿ ತಿನ್ನದೆ, ಒಂಬತ್ತಕ್ಕೆ ಬಾರಿನಲ್ಲಿ ಕೂತವರಿಗೆ ಅರ್ಧ ಗ್ಲಾಸೇ ತಲೆಗೆ ಏರುತ್ತದೆ. ಮೊದಲು ಒಂದು ಲೋಟ ನೀರು, ಆಮೇಲೆ ತಿಂಡಿ, ಅದರ ಜೊತೆಗೆ ವೈನ್.

ನಮ್ಮ ಬಾರ್‌ಗಳ ಸೈಡ್ಸ್ ಎಂದರೆ ಖಾರ: ಚಿಲ್ಲಿ ಚಿಕನ್, ಕಬಾಬ್, ಬೋಟಿ, ಮೊಟ್ಟೆ ಬುರ್ಜಿ, ಈರುಳ್ಳಿ ಹಸಿಮೆಣಸು ಉದುರಿಸಿದ ಕಡಲೆಕಾಯಿ ಮಸಾಲ. ವಿಸ್ಕಿ, ರಮ್ಮಿಗೆ ಇವು ಸರಿ. ಒಗರು ಕೆಂಪು ವೈನ್ ಜೊತೆ ಈ ಖಾರ ಜಗಳಕ್ಕೆ ನಿಲ್ಲುತ್ತದೆ, ಬಾಯಿ ಇನ್ನಷ್ಟು ಉರಿಯುತ್ತದೆ. ಖಾರದ ತಿಂಡಿಯೇ ಬೇಕೆಂದರೆ ತಣ್ಣಗಿನ, ತುಸು ಸಿಹಿ ಇರುವ ಶೆನಿನ್ ಬ್ಲಾಂಕ್ ತರಿಸಿ. ತಂದೂರಿ ಕೋಳಿ, ಪನ್ನೀರ್ ಟಿಕ್ಕಾಗೆ ರೋಸೆ ಚೆನ್ನಾಗಿ ಹೊಂದುತ್ತದೆ. ಮಟನ್ ಇದ್ದರೆ ಶಿರಾಜ್. ಎಣ್ಣೆಯಲ್ಲಿ ಕರಿದದ್ದಕ್ಕೆ ಹುಳಿ ಮುಂದಿರುವ ಬಿಳಿ ವೈನ್, ಇಲ್ಲವೇ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್. ಕರಿದದ್ದರ ಜಿಡ್ಡನ್ನು ಹುಳಿ ತೊಳೆಯುತ್ತದೆ. ಬಜ್ಜಿಯ ಮೇಲೆ ನಿಂಬೆ ಹಿಂಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ನಿಯಮವನ್ನು ನಮ್ಮ ತಿಂಡಿಗೇ ಅನ್ವಯಿಸಿ ನೋಡಿ. ಗರಿಗರಿ ಮದ್ದೂರು ವಡೆ ಮತ್ತು ಸ್ಪಾರ್ಕ್ಲಿಂಗ್ ವೈನ್, ಇದಕ್ಕಿಂತ ಒಳ್ಳೆಯ ಜೋಡಿಯನ್ನು ವಿಮಾನ ನಿಲ್ದಾಣದ ಯಾವ ಮೆನುವೂ ಕೊಡಲಾರದು. ನಿಪ್ಪಟ್ಟು, ಕೋಡುಬಳೆ, ಚಕ್ಕುಲಿಗೆ ಸೋವಿನ್ಯೋಂ ಬ್ಲಾಂಕ್. ಉಪ್ಪು ವೈನ್‌ನ ಒಗರನ್ನೂ ಹುಳಿಯನ್ನೂ ಮೃದು ಮಾಡುತ್ತದೆ, ಆದ್ದರಿಂದ ಉಪ್ಪು ಹಾಕಿ ಹುರಿದ ಕಡಲೆಬೀಜ ಕೆಂಪು ವೈನ್‌ಗೂ ಆಗುತ್ತದೆ. ಚಳಿಗಾಲವಾದರೆ ಹುರಿದ ಅವರೆಕಾಳು. ಮಾಗಡಿಯ ಸೊಗಡವರೆಯ ಹೆಸರು ಬೆಂಗಳೂರಿನ ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು. ಉಪ್ಪಿನಕಾಯಿ ಮಾತ್ರ ಬೇಡ. ಅದರ ಹುಳಿಯ ಮುಂದೆ ಯಾವ ವೈನ್ ಕೂಡ ನೀರು.

ಮನೆಯಿಂದ ಒಣ ತಿಂಡಿ ಕೈಚೀಲದಲ್ಲಿ ಒಯ್ಯಬಹುದು, ತಪಾಸಣೆಯಲ್ಲಿ ತಡೆಯುವುದಿಲ್ಲ. ಚಟ್ನಿ, ಸಾರು, ಮೊಸರು, ಎಣ್ಣೆಯಲ್ಲಿ ತೇಲುವ ಉಪ್ಪಿನಕಾಯಿಗೆ ತೊಂದರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಂತೂ ದ್ರವ ಪದಾರ್ಥಗಳಿಗೆ 100 ಮಿ.ಲೀ. ಮಿತಿ. ಚನ್ನಪಟ್ಟಣ, ಮಾಗಡಿಯ ತೆಂಗಿನ ತೋಟದವರಿಗೆ ವಿಶೇಷ ಸೂಚನೆ: ಒಣ ಕೊಬ್ಬರಿ ಬಟ್ಟಲನ್ನು ಲಗೇಜಿನಲ್ಲಿ ಇಡಬೇಡಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದು ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ. ಬಾರಿನ ಮೇಜಿನ ಮೇಲೆ ಸ್ವಂತ ಬುತ್ತಿ ಬಿಚ್ಚಲು ಬಿಡುವುದಿಲ್ಲ, ಅದನ್ನು ಗೇಟಿನ ಬಳಿ ತಿನ್ನಿ. ಮೇಲೆ ಹಾರುವಾಗ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ವಿಮಾನದ ಊಟ ಸಪ್ಪೆ ಎನ್ನಿಸಿದಾಗ ಚೀಲದಲ್ಲಿರುವ ಎರಡು ಕೋಡುಬಳೆ ನೆರವಿಗೆ ಬರುತ್ತವೆ.

ಬಾಟಲಿ ಒಯ್ಯುವವರಿಗೆ

ಚನ್ನಪಟ್ಟಣದಲ್ಲಿ ಕೊಂಡ ವೈನ್ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಅಂತರರಾಷ್ಟ್ರೀಯ ತಪಾಸಣೆಯಲ್ಲಿ ಅದು ಅಲ್ಲೇ ಉಳಿಯುತ್ತದೆ. ಬಟ್ಟೆ ಸುತ್ತಿ, ಚೆಕ್-ಇನ್ ಲಗೇಜಿನ ನಡುವೆ ಇಡಿ. ಮದ್ಯಸಾರ ನೂರಕ್ಕೆ 24ರಿಂದ 70ರ ನಡುವೆ ಇರುವ ಪಾನೀಯಗಳಿಗೆ ಒಬ್ಬರಿಗೆ 5 ಲೀಟರ್ ಮಿತಿ. ವೈನ್ 24ಕ್ಕಿಂತ ಕಡಿಮೆ ಇರುವುದರಿಂದ ವಿಮಾನ ಸುರಕ್ಷತೆಯ ದೃಷ್ಟಿಯಿಂದ ಅಂಥ ಮಿತಿ ಇಲ್ಲ. ಆದರೆ ಇಳಿಯುವ ಊರಿನ ಕಾನೂನು ಬೇರೆ. ಗುಜರಾತ್, ಬಿಹಾರದಲ್ಲಿ ಪಾನನಿಷೇಧವಿದೆ. ರೇಷ್ಮೆ ವ್ಯಾಪಾರಕ್ಕೆ ಸೂರತ್ತಿಗೆ ಹೊರಟವರು ಉಡುಗೊರೆ ಎಂದು ಬಾಟಲಿ ಒಯ್ದು ಪೊಲೀಸರ ಕೈಗೆ ಸಿಗಬಾರದು. ಕುವೈತ್, ಶಾರ್ಜಾಗಳಿಗೂ ಒಯ್ಯಬೇಡಿ. ವಿದೇಶದಿಂದ ವಾಪಸ್ ಬರುವಾಗ ಒಬ್ಬ ವಯಸ್ಕರು ಸುಂಕವಿಲ್ಲದೆ 2 ಲೀಟರ್ ತರಬಹುದು. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯ ಮೊಹರು ಹಾಕಿದ ಚೀಲವನ್ನು ಮನೆ ಮುಟ್ಟುವ ತನಕ ಒಡೆಯಬೇಡಿ. ವಿಮಾನದೊಳಗೆ ಸ್ವಂತ ಬಾಟಲಿ ತೆರೆಯುವುದು ಅಪರಾಧ. ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದೇ ಇಲ್ಲ. ಕುಡಿದು ಗಲಾಟೆ ಮಾಡಿದವರನ್ನು ಹತ್ತಿಸದೆ ಬಿಡುವ ಅಧಿಕಾರ ವಿಮಾನದವರಿಗಿದೆ. 2017ರಲ್ಲಿ ರೂಪಿಸಿದ ನಿಯಮದಲ್ಲಿ ಮಾತಿನ ಗಲಾಟೆಗೇ ಮೂರು ತಿಂಗಳವರೆಗೆ ಹಾರಾಟ ನಿಷೇಧ ಇಟ್ಟರು, ಕೈ ಮಾಡಿದರೆ ಇನ್ನೂ ಹೆಚ್ಚು.

ಅಕ್ಟೋಬರ್ 2ರಂದು ಬಾರ್ ಮುಚ್ಚಿರುತ್ತದೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಯೂ ಹಾಗೆ. 2024ರ ನವೆಂಬರ್ ಉಪಚುನಾವಣೆಯನ್ನು ಕಂಡ ಚನ್ನಪಟ್ಟಣದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಹೋಗುವ ದಾರಿ, ಬರುವ ದಾರಿ

ಕುಡಿಯುವ ಯೋಚನೆ ಇದ್ದರೆ ಸ್ವಂತ ಕಾರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸುವ ಯೋಚನೆ ಬಿಡಿ. ರಾಮನಗರ, ಚನ್ನಪಟ್ಟಣದವರಿಗೆ ಸುಲಭ ದಾರಿ ರೈಲು. ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಮೆಜೆಸ್ಟಿಕ್, ಅಲ್ಲಿಂದ ಬಿಎಂಟಿಸಿ ವಾಯುವಜ್ರ ಬಸ್ಸು ನೇರ ವಿಮಾನ ನಿಲ್ದಾಣಕ್ಕೆ. ಬಿಡದಿ ಕಡೆಯವರು ಚಲ್ಲಘಟ್ಟದಲ್ಲಿ ನೇರಳೆ ಮಾರ್ಗದ ಮೆಟ್ರೊ ಹಿಡಿಯಬಹುದು, 2023ರ ಅಕ್ಟೋಬರ್‌ನಿಂದ ಅಲ್ಲಿಯವರೆಗೆ ಓಡುತ್ತಿದೆ. ರೈಲು ಹಳಿಯೇ ಇಲ್ಲದ ಕನಕಪುರದವರಿಗೆ ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣ. ಹಸಿರು ಮಾರ್ಗದಲ್ಲಿ ಕೂತರೆ ಬನಶಂಕರಿಯ ಟ್ರಾಫಿಕ್ಕಿನ ತಲೆನೋವಿಲ್ಲದೆ ಮೆಜೆಸ್ಟಿಕ್. ಮಾಗಡಿಯವರಿಗೂ ರೈಲಿಲ್ಲ. ಆದರೆ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆಯ ವರ್ತುಲ ರಸ್ತೆ ತೆರೆದ ಮೇಲೆ ಟ್ಯಾಕ್ಸಿಯಲ್ಲಿ ನಗರದೊಳಗೆ ನುಗ್ಗದೆ ಹೊರಗಿನಿಂದಲೇ ದೇವನಹಳ್ಳಿ ಸೇರುವ ದಾರಿ ಅವರಿಗಿದೆ. ಅಂದಹಾಗೆ ಆ ವಿಮಾನ ನಿಲ್ದಾಣಕ್ಕೆ ಹೆಸರಾದ ಕೆಂಪೇಗೌಡರ ಸಮಾಧಿ ಇರುವುದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ನಿಲ್ದಾಣದ ಮುಂದಿನ 108 ಅಡಿ ಎತ್ತರದ ಪ್ರತಿಮೆಗೆ ಕೈಮುಗಿಯುವ ಮಾಗಡಿಯವರಿಗೆ ಕೊಂಚ ಹೆಚ್ಚಿನ ಹಕ್ಕಿದೆ ಎಂದರೆ ಬೇರೆ ತಾಲ್ಲೂಕಿನವರು ಬೇಸರಪಡಬಾರದು.

ಬಿಟ್ಟುಬರಲು ಕಾರು ತಂದ ತಮ್ಮನನ್ನೋ ಭಾಮೈದನನ್ನೋ ವಾಪಸ್ ಕಳಿಸುವಾಗ ಯಾರೂ ಲೆಕ್ಕ ಹಾಕುವುದಿಲ್ಲ. ಅವರ ಮುಂದೆ ನೂರು ಕಿಲೋಮೀಟರ್ ಆಸುಪಾಸಿನ ದಾರಿ ಇರುತ್ತದೆ, ಬಹುಪಾಲು ರಾತ್ರಿಯೇ ಇರುತ್ತದೆ. ಖುಷಿಗೆ ಒಂದು ಗ್ಲಾಸ್ ಎಂದು ಅವರಿಗೆ ಎಲ್ಲೂ ಕುಡಿಸಬೇಡಿ. ನಿಲ್ದಾಣದ ಹೊರಗೇ ಹಟ್ಟಿ ಕಾಪಿ ಸಿಗುತ್ತದೆ, ಒಂದು ಸ್ಟ್ರಾಂಗ್ ಕಾಫಿ ಕೊಡಿಸಿ ಕಳಿಸಿ.